ಮೇಷ್ಟ್ರ ಹೆಸರಿನ ಗಣಿತ ಪದಕ: ದುಡ್ಡಿಗಿಂತ ಮೊದಲು ನಿಬಂಧನೆ

ನಿವೃತ್ತರಾದ ಗಣಿತದ ಮೇಷ್ಟ್ರ ಹೆಸರಲ್ಲಿ ವಿಶ್ವವಿದ್ಯಾಲಯದಲ್ಲೊಂದು ಪದಕ ಇಡೋಣ ಅಂತ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ ಬರೆದ ಕೂಡಲೇ ಕೇಳಿಬರುವ ಮೊದಲ ಮಾತು, "ತಲೆಗೆ ಎಷ್ಟಾಗುತ್ತೆ?" ಆ ಪ್ರಶ್ನೆ ಎರಡನೆಯದಾಗಬೇಕು. ಈ ಪದಕ ಎಂಥ ವಿದ್ಯಾರ್ಥಿಯ ಕೈಗೆ ಹೋಗಬೇಕು ಅನ್ನುವುದು ಮೊದಲನೆಯದು. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತು "ಯಾಕೆ?" ಅಂತ ಕೇಳುತ್ತಲೇ ಇದ್ದ ಮೇಷ್ಟ್ರ ಹೆಸರಿನ ಪದಕ, ಗೈಡು ಉರುಹೊಡೆದು ಅಂಕ ತೆಗೆದವರಿಗೇ ವರ್ಷ ವರ್ಷ ಹೋಗುತ್ತಿದ್ದರೆ ಅದು ಅವರಿಗೆ ಸಂದ ಗೌರವವಲ್ಲ. ಇದನ್ನು ತಪ್ಪಿಸುವ ಜಾಗ ಒಂದೇ, ದತ್ತಿಯ ನಿಬಂಧನೆ. ಒಂದೂವರೆ ಪುಟದ ಕಾಗದ ಅದು. ಸಹಿ ಬಿದ್ದು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಪ್ಪಿದ ಮೇಲೆ ಅದನ್ನು ಬದಲಾಯಿಸುವುದು ಬಹಳ ಕಷ್ಟ.

ಇಂಥ ಬಹುಮಾನ ಎಷ್ಟು ಕಾಲ ಬಾಳಬಹುದು, ಬಾಳುತ್ತಾ ಏನೇನಾಗಬಹುದು ಅನ್ನುವುದಕ್ಕೆ ಕೇಂಬ್ರಿಜ್‌ನ ಸ್ಮಿತ್ ಬಹುಮಾನಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ರಾಬರ್ಟ್ ಸ್ಮಿತ್ ಅಲ್ಲಿನ ಪ್ಲೂಮಿಯನ್ (ಖಗೋಳ ವಿಜ್ಞಾನದ) ಪ್ರಾಧ್ಯಾಪಕರಾಗಿದ್ದವರು, ಟ್ರಿನಿಟಿ ಕಾಲೇಜಿನ ಮಾಸ್ಟರ್, ಅಂದರೆ ಮುಖ್ಯಸ್ಥರು, ಆಗಿದ್ದವರು. 1768ರಲ್ಲಿ ತೀರಿಕೊಂಡಾಗ ಸೌತ್ ಸೀ ಕಂಪನಿಯ 3,500 ಪೌಂಡ್ ಷೇರನ್ನು ಉಯಿಲಿನಲ್ಲಿ ವಿಶ್ವವಿದ್ಯಾಲಯಕ್ಕೆ ಬಿಟ್ಟರು. ಹೊಸದಾಗಿ ಬಿ.ಎ. ಮುಗಿಸಿದವರಲ್ಲಿ ಗಣಿತ ಮತ್ತು ಪ್ರಕೃತಿ ವಿಜ್ಞಾನದಲ್ಲಿ ಎಲ್ಲರಿಗಿಂತ ಮುಂದೆ ಹೋದ ಇಬ್ಬರಿಗೆ ವರ್ಷಕ್ಕೊಮ್ಮೆ ತಲಾ 25 ಪೌಂಡ್ ಸಿಗುತ್ತಿತ್ತು. 1769ರಿಂದ 1998ರವರೆಗೆ, 1917ನೇ ಇಸವಿ ಒಂದನ್ನು ಬಿಟ್ಟರೆ, ಪ್ರತಿ ವರ್ಷವೂ ಕೊಟ್ಟಿದ್ದಾರೆ.

ಉಯಿಲಿನಲ್ಲಿ "ಅತಿ ಹೆಚ್ಚು ಅಂಕ" ಎಂದಿರಲಿಲ್ಲ, "ಅತಿ ಹೆಚ್ಚು ಮುಂದುವರಿದವರು" ಎಂದಿತ್ತು. ಅದರಿಂದಾಗಿ ಪದವಿ ಪರೀಕ್ಷೆಯ ರ್‍ಯಾಂಕ್ ಪಟ್ಟಿಗೂ ಈ ಬಹುಮಾನಕ್ಕೂ ಗಂಟುಬೀಳಲಿಲ್ಲ. ಇದಕ್ಕೆ ಬೇರೆಯದೇ ಪರೀಕ್ಷೆ, ಬೇರೆಯದೇ ಬಗೆಯ ಪ್ರಶ್ನೆಗಳು. 1845ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಪದವಿ ಪರೀಕ್ಷೆಯಲ್ಲಿ ಎರಡನೆಯವರಾದರು, ಸ್ಮಿತ್ ಬಹುಮಾನದಲ್ಲಿ ಮೊದಲನೆಯವರು. 1854ರಲ್ಲಿ ರೌತ್ ಮೊದಲ ರ್‍ಯಾಂಕ್, ಮ್ಯಾಕ್ಸ್‌ವೆಲ್ ಎರಡನೇ ರ್‍ಯಾಂಕ್. ಸ್ಮಿತ್ ಬಹುಮಾನದಲ್ಲಿ ಇಬ್ಬರೂ ಸರಿಸಮ. ನಾವು ಇಂದು ಸ್ಟೋಕ್ಸ್ ಪ್ರಮೇಯ ಎಂದು ಎಂ.ಎಸ್ಸಿ.ಯಲ್ಲಿ ಓದುವುದು ಅದೇ 1854ರ ಸ್ಮಿತ್ ಪರೀಕ್ಷೆಯಲ್ಲಿ ಗಣಿತಜ್ಞ ಸ್ಟೋಕ್ಸ್ ಕೇಳಿದ ಒಂದು ಪ್ರಶ್ನೆ. ಪ್ರಶ್ನೆಪತ್ರಿಕೆ ತೆಗೆಯುವವರು ಎಷ್ಟು ಎತ್ತರದಲ್ಲಿ ಯೋಚಿಸುತ್ತಿದ್ದರು ನೋಡಿ. 1885ರ ಸುಮಾರಿಗೆ ಪರೀಕ್ಷೆ ಬಿಟ್ಟು ಸ್ವತಂತ್ರ ಪ್ರಬಂಧಕ್ಕೆ ಬಹುಮಾನ ಕೊಡುವ ಪದ್ಧತಿ ಬಂತು. 1936ರಲ್ಲಿ ಅಲನ್ ಟ್ಯೂರಿಂಗ್‌ಗೂ 1962ರಲ್ಲಿ ನಮ್ಮ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರಿಗೂ ಸಿಕ್ಕಿದ್ದು ಇದೇ ಬಹುಮಾನ. ಮೂಲ ಮಾತು ಅಗಲವಾಗಿ ಇದ್ದದ್ದರಿಂದಲೇ ಪದ್ಧತಿ ಬದಲಾದರೂ ಬಹುಮಾನ ಉಳಿಯಿತು.

ಮೊತ್ತದ ಕಥೆ ಮಾತ್ರ ಅಷ್ಟು ಚೆನ್ನಾಗಿಲ್ಲ. 25 ಪೌಂಡ್ ಸುಮಾರು ನೂರು ವರ್ಷ 25 ಪೌಂಡಾಗಿಯೇ ಇತ್ತು. 1867ರಲ್ಲಿ 23ಕ್ಕೆ ಇಳಿಯಿತು. 1940ರಲ್ಲಿ 31. 1998ರ ಹೊತ್ತಿಗೆ ಸುಮಾರು 250. ಸ್ಮಿತ್ ಕಾಲದಲ್ಲಿ ಅದೊಂದು ದೊಡ್ಡ ಗಂಟು, ಕೊನೆಗೆ ಕೆಲವು ಪುಸ್ತಕ ಕೊಳ್ಳುವ ಹಣ. ಬಹುಮಾನದ ಘನತೆಯನ್ನು ಉಳಿಸಿದ್ದು ದುಡ್ಡಲ್ಲ, ಆಯ್ಕೆಯ ಗುಣಮಟ್ಟ.

ಈಗ ನಮ್ಮ ಲೆಕ್ಕಕ್ಕೆ ಬರೋಣ. 2000ನೇ ಇಸವಿಯ ಸುಮಾರಿಗೆ ಯಾರೋ 1 ಲಕ್ಷ ರೂಪಾಯಿ ಇಡಗಂಟು ಇಟ್ಟು "ಬಡ್ಡಿಯಲ್ಲಿ ಚಿನ್ನದ ಪದಕ" ಎಂದು ಬರೆಸಿದ್ದರು ಅಂದುಕೊಳ್ಳಿ. ಆಗ ಬ್ಯಾಂಕ್ ಠೇವಣಿಗೆ ಶೇ 10ರ ಆಸುಪಾಸು ಬಡ್ಡಿ, ವರ್ಷಕ್ಕೆ 10,000. ಚಿನ್ನ 10 ಗ್ರಾಂಗೆ 4,400 ರೂಪಾಯಿ ಆಸುಪಾಸು. ಆ ಬಡ್ಡಿಗೆ 20 ಗ್ರಾಂ ದಾಟಿ ಚಿನ್ನ ಬರುತ್ತಿತ್ತು. 2025ರಲ್ಲಿ 10 ಗ್ರಾಂ ಚಿನ್ನ 1 ಲಕ್ಷ ದಾಟಿತು, ಬಡ್ಡಿ ಶೇ 6.5ರ ಹತ್ತಿರಕ್ಕೆ ಇಳಿದಿತ್ತು. ಅದೇ 1 ಲಕ್ಷಕ್ಕೆ ಬರುವ 6,500 ರೂಪಾಯಿಗೆ ಮುಕ್ಕಾಲು ಗ್ರಾಂ ಚಿನ್ನವೂ ಸಿಗುವುದಿಲ್ಲ. ದಾನಿಯದೂ ತಪ್ಪಲ್ಲ, ವಿಶ್ವವಿದ್ಯಾಲಯದ್ದೂ ತಪ್ಪಲ್ಲ. "ಚಿನ್ನ" ಎಂಬ ಒಂದು ಪದವನ್ನು ತೂಕ, ಲೋಹ ಏನೂ ಹೇಳದೆ ಬರೆದದ್ದು ತಪ್ಪು.

ಹಾಗಾಗಿ ಪದಕದ ಲೋಹವನ್ನು ನಿಬಂಧನೆಯಲ್ಲಿ ನೇರವಾಗಿ ಹೇಳಿ: "ಚಿನ್ನದ ಲೇಪವಿರುವ ಬೆಳ್ಳಿ ಪದಕ, ಅಥವಾ ನಿಧಿಯ ಆದಾಯ ಅನುಮತಿಸುವ ಇತರ ಲೋಹ." 40 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಬಿಲ್ಲೆ ಅಂಗೈಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಅದರ ಘನಗಾತ್ರ ಸುಮಾರು 3.77 ಘನ ಸೆಂಟಿಮೀಟರ್. 925 ಬೆಳ್ಳಿಯಲ್ಲಿ (ಶೇ 92.5 ಶುದ್ಧ) ಮಾಡಿದರೆ 39 ಗ್ರಾಂ ತೂಗುತ್ತದೆ, ಅದೇ ಅಳತೆಯ 22 ಕ್ಯಾರೆಟ್ ಚಿನ್ನವಾದರೆ 65 ಗ್ರಾಂ ದಾಟುತ್ತದೆ. ಅಚ್ಚನ್ನು ಒಮ್ಮೆ ಮಾಡಿಸಿದರೆ ಸಾಕು, ಆದರೆ ಅದು ಪದಕ ಮಾಡುವವರ ಅಂಗಡಿಯಲ್ಲೇ ಉಳಿದುಹೋಗುತ್ತದೆ. ನಾಲ್ಕು ವರ್ಷ ಬಿಟ್ಟು ಗುತ್ತಿಗೆ ಬೇರೆಯವರಿಗೆ ಹೋದಾಗ ಮೇಷ್ಟ್ರ ಮುಖ ಬೇರೆಯಾಗಿ ಬರುತ್ತದೆ. ಅಚ್ಚು ವಿಭಾಗದ ಕಪಾಟಿನಲ್ಲಿ ಇರಬೇಕು, ದಾಸ್ತಾನು ಪುಸ್ತಕದಲ್ಲಿ ಅದರ ನಮೂದು ಇರಬೇಕು. ನನ್ನ ಅಭಿಪ್ರಾಯ ಕೇಳಿದರೆ ಮುಖಕ್ಕಿಂತ ಹೆಸರು, ಇಸವಿ ಮತ್ತು ಅವರ ವಿಷಯವನ್ನು ಸೂಚಿಸುವ ಒಂದು ಚಿತ್ರ ಸಾಕು. ಮುಖ ಕೆತ್ತುವುದು ಸುಲಭವಲ್ಲ, ಕೆಟ್ಟರೆ ನೋವಾಗುತ್ತದೆ.

ನಗದು ಬಹುಮಾನಕ್ಕೆ ಇಡಗಂಟು ಎಷ್ಟು ಬೇಕು? ಗಣಿತದವರೇ ಸೇರಿ ಮಾಡುವ ದತ್ತಿಗಳಲ್ಲೂ ಇಲ್ಲಿ ಎಡವುವುದು ಆಶ್ಚರ್ಯ. ವರ್ಷಕ್ಕೆ 10,000 ಕೊಡಬೇಕು, ಬಡ್ಡಿ ಶೇ 7 ಅಂದರೆ ಸುಮಾರು 1.43 ಲಕ್ಷ ಸಾಕು ಅನ್ನಿಸುತ್ತದೆ. ಆದರೆ ಬೆಲೆ ವರ್ಷಕ್ಕೆ ಶೇ 5 ಏರುತ್ತಿದ್ದರೆ 25 ವರ್ಷದ ಮೇಲೆ ಆ 10,000ಕ್ಕೆ ಇಂದಿನ 2,950 ರೂಪಾಯಿಯ ಬೆಲೆ. ಬಹುಮಾನವೂ ವರ್ಷಕ್ಕೆ ಶೇ 5 ಬೆಳೆಯಬೇಕು ಅಂದರೆ ಗುಣೋತ್ತರ ಶ್ರೇಢಿಯ ಮೊತ್ತ ನೋಡಬೇಕು: 10,000ವನ್ನು ಬಡ್ಡಿ ಮತ್ತು ಬೆಲೆಯೇರಿಕೆಯ ವ್ಯತ್ಯಾಸದಿಂದ, ಅಂದರೆ 0.02ರಿಂದ ಭಾಗಿಸಿ. ಬರುವುದು 5 ಲಕ್ಷ. ತಾಳೆ ನೋಡಬಹುದು. 5 ಲಕ್ಷಕ್ಕೆ ಮೊದಲ ವರ್ಷದ ಬಡ್ಡಿ 35,000. 10,000 ಕೊಟ್ಟು 25,000ವನ್ನು ಅಸಲಿಗೆ ಸೇರಿಸಿ. ಎರಡನೇ ವರ್ಷ 5.25 ಲಕ್ಷಕ್ಕೆ 36,750 ಬಡ್ಡಿ, ಬಹುಮಾನ 10,500. ಹೀಗೇ ಮುಂದುವರಿದರೆ 25 ವರ್ಷದ ಮೇಲೆ ಬಹುಮಾನ 34,000ದ ಹತ್ತಿರ ಇರುತ್ತದೆ, ಅಸಲೂ ಬೆಳೆದಿರುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಬಡ್ಡಿ ಶೇ 7ರಿಂದ 6ಕ್ಕೆ ಇಳಿದರೆ ಛೇದ 0.02 ಇದ್ದದ್ದು 0.01 ಆಗುತ್ತದೆ, ಬೇಕಾದ ಇಡಗಂಟು 10 ಲಕ್ಷಕ್ಕೆ ಜಿಗಿಯುತ್ತದೆ. ಒಂದು ಪರ್ಸೆಂಟಿಗೆ ಎರಡು ಪಟ್ಟು. ಆದ್ದರಿಂದ ಮೊತ್ತವನ್ನು ರೂಪಾಯಿಯಲ್ಲಿ ಕಟ್ಟಿಹಾಕದೆ ಪಾಲಿನಲ್ಲಿ ಬರೆಯುವುದು ಕ್ಷೇಮ: "ಆ ವರ್ಷದ ಬಡ್ಡಿಯ ಅರ್ಧ ಬಹುಮಾನಕ್ಕೆ, ಉಳಿದರ್ಧ ಅಸಲಿಗೆ." 3 ಲಕ್ಷ ಇದ್ದು ಶೇ 7 ಸಿಕ್ಕರೆ ಮೊದಲ ಬಹುಮಾನ 10,500, ಅಸಲು ವರ್ಷಕ್ಕೆ ಶೇ 3.5 ಬೆಳೆಯುತ್ತದೆ, 25 ವರ್ಷದ ಮೇಲೆ ಬಹುಮಾನ 24,800. ಬೆಲೆಯೇರಿಕೆಯ ಜೊತೆ ಪೂರ್ತಿ ಓಡುವುದಿಲ್ಲ, ಆದರೆ ತೀರಾ ಹಿಂದೆ ಬೀಳುವುದೂ ಇಲ್ಲ. 2 ಲಕ್ಷವೇ ಕೂಡಿದೆ ಅಂದರೆ ಐದು ವರ್ಷ ಮುಟ್ಟದೆ ಬಿಡಿ, 2.8 ಲಕ್ಷ ಆಗುತ್ತದೆ, ಆಮೇಲೆ ಬಹುಮಾನ ಶುರುಮಾಡಿ. ಮೇಷ್ಟ್ರಿಗೆ ವಯಸ್ಸಾಗಿದ್ದರೆ ಐದು ವರ್ಷ ಕಾಯುವುದು ಸರಿಯಲ್ಲ. ಆಗ ಮೊದಲ ಐದು ಬಹುಮಾನಗಳಿಗೆ ಬೇರೆಯಾಗಿ ದುಡ್ಡು ಕಟ್ಟಿ, ಅವರೇ ಕೈಯಾರೆ ಕೊಡುವಂತಾಗಲಿ.

ಠೇವಣಿ ನವೀಕರಣದ ಮಾತನ್ನೂ ನಿಬಂಧನೆಯಲ್ಲೇ ಸೇರಿಸಬೇಕು. ಅವಧಿ ಮುಗಿದ ಠೇವಣಿ ಯಾರ ಗಮನಕ್ಕೂ ಬಾರದೆ ಉಳಿತಾಯ ಖಾತೆಗೆ ಬಂದು ಬಿದ್ದರೆ ಶೇ 3ಕ್ಕೂ ಕಡಿಮೆ ಬಡ್ಡಿ. ಎರಡು ವರ್ಷ ಹಾಗೆ ಕೂತರೆ ಮೇಲಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ. "ಸ್ವಯಂ ನವೀಕರಣ, ಪ್ರತಿ ಏಪ್ರಿಲ್‌ನಲ್ಲಿ ದಾನಿಗಳ ಪ್ರತಿನಿಧಿಗೆ ಮತ್ತು ವಿಭಾಗದ ಮುಖ್ಯಸ್ಥರಿಗೆ ನಿಧಿಯ ಒಂದು ಪುಟದ ಲೆಕ್ಕ" ಎಂಬ ಒಂದು ಸಾಲು ಸಾಕು.

ಹಣ ಕೂಡಿಸುವಾಗ ಒಬ್ಬರ ಸ್ವಂತ ಖಾತೆಗೆ ಎಲ್ಲರೂ ಫೋನ್‌ಪೇ ಮಾಡುವುದು ಬೇಡ. ರಸೀದಿ ಒಬ್ಬರ ಹೆಸರಿಗೇ ಬರುತ್ತದೆ, ಉಳಿದವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಹಣಕಾಸು ಅಧಿಕಾರಿಯಿಂದ ದತ್ತಿ ಖಾತೆಯ ಸಂಖ್ಯೆ ಪಡೆದು ಪ್ರತಿಯೊಬ್ಬರೂ ನೇರವಾಗಿ ಕಟ್ಟಿ, ಪ್ಯಾನ್ ಸಂಖ್ಯೆ ಕೊಟ್ಟು ರಸೀದಿ ಕೇಳಲಿ. ದೇಣಿಗೆಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (ಹಳೆಯ ಕಾಯ್ದೆಯಲ್ಲಿ 80ಜಿ) ಚಾಲ್ತಿಯಲ್ಲಿದೆಯೇ ಎಂದು ಮೊದಲೇ ವಿಚಾರಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಅದು ಉಪಯೋಗ, 2,000 ರೂಪಾಯಿ ಮೀರಿದ ನಗದಿಗೆ ಅನ್ವಯಿಸುವುದಿಲ್ಲ. ಅಮೆರಿಕದಲ್ಲೋ ಸಿಂಗಪುರದಲ್ಲೋ ಇರುವ ಸಹಪಾಠಿಗಳ ವಿಷಯದಲ್ಲಿ ಒಂದು ಎಚ್ಚರ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರದು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ವಿಶ್ವವಿದ್ಯಾಲಯಕ್ಕೆ ಅದನ್ನು ಪಡೆಯುವ ಅವಕಾಶ ಇದೆಯೇ ಎಂದು ಬರಹದಲ್ಲಿ ತಿಳಿದುಕೊಂಡ ಮೇಲಷ್ಟೇ ಅವರು ಕಳಿಸಲಿ.

ಇನ್ನು ಅರ್ಹತೆಯ ಸಾಲು. ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕಾದದ್ದು ಇದರ ಮುಂದೆ. "ಅಂತಿಮ ಬಿ.ಎಸ್ಸಿ. (ಪಿಸಿಎಂ) ಗಣಿತದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ" ಎಂದು ಮೂವತ್ತು ವರ್ಷದ ಹಿಂದೆ ಬರೆದ ಸಾಲು ಎಷ್ಟು ಸಲ ಮುರಿದಿದೆ ನೋಡಿ. ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು. ಅಂಕದ ಜಾಗಕ್ಕೆ ಗ್ರೇಡ್ ಬಂತು. 2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. "ಅಂತಿಮ" ಅಂದರೆ ಯಾವ ವರ್ಷ? 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾಯಿತು. ಈಚೆಗೆ ಮೈಸೂರು ವಿಶ್ವವಿದ್ಯಾಲಯದಿಂದ ಮಂಡ್ಯ, ಹಾಸನ, ಚಾಮರಾಜನಗರ ಬೇರೆಯಾದವು. "ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳು" ಎಂದು ಬರೆದಿದ್ದರೆ, ಹಾಸನದಲ್ಲೇ ಪಾಠ ಮಾಡಿದ ಮೇಷ್ಟ್ರ ಹೆಸರಿನ ಪದಕ ಹಾಸನದ ಹುಡುಗಿಗೆ ಸಿಗದ ಸ್ಥಿತಿ ಬರಬಹುದು. ಊರಿನ ಹೆಸರು ಮುಖ್ಯವಾದರೆ ಊರನ್ನೇ ಬರೆಯಿರಿ. ಮೇಷ್ಟ್ರು ಒಂದೇ ವಿಷಯದಲ್ಲಿ ಹೆಸರಾಗಿದ್ದರೂ "ನಂಬರ್ ಥಿಯರಿ ಪತ್ರಿಕೆಯಲ್ಲಿ" ಎಂದು ಕಟ್ಟಿಹಾಕಬೇಡಿ. ಐಚ್ಛಿಕ ಪತ್ರಿಕೆಯನ್ನು ಯಾರೂ ಆರಿಸದ ವರ್ಷ ಪದಕ ಕಪಾಟಿನಲ್ಲೇ ಉಳಿಯುತ್ತದೆ. ಕೊನೆಗೆ "ಪಠ್ಯಕ್ರಮ ಬದಲಾದರೆ ಸಮಾನ ಪತ್ರಿಕೆ ಯಾವುದೆಂದು ಗಣಿತ ಅಧ್ಯಯನ ಮಂಡಳಿ ತೀರ್ಮಾನಿಸತಕ್ಕದ್ದು" ಎಂಬ ಮಾತು ಇರಲೇಬೇಕು.

ಒಟ್ಟು ಅಂಕವೋ ಶೇಕಡಾವಾರೋ? ಒಬ್ಬಳು ಆರು ಗಣಿತ ಪತ್ರಿಕೆ ಓದಿ 600ಕ್ಕೆ 565 ತೆಗೆದಳು, ಶೇ 94.17. ಇನ್ನೊಬ್ಬ ಎಂಟು ಪತ್ರಿಕೆ ಓದಿ 800ಕ್ಕೆ 748, ಶೇ 93.5. ಒಟ್ಟು ಅಂಕ ನೋಡಿದರೆ ಅವನಿಗೆ, ಶೇಕಡಾ ನೋಡಿದರೆ ಅವಳಿಗೆ. ನಿಬಂಧನೆ ಬಾಯಿ ಬಿಡದಿದ್ದರೆ ಇದು ಕೋರ್ಟಿನವರೆಗೆ ಹೋಗುವ ತಕರಾರು. ಎಲ್ಲರಿಗೂ ಕಡ್ಡಾಯವಾದ ಪತ್ರಿಕೆಗಳ ಶೇಕಡಾವಾರು ತೆಗೆದುಕೊಳ್ಳುವುದು ನ್ಯಾಯ. ಆಂತರಿಕ ಅಂಕಗಳನ್ನು ಬಿಟ್ಟು ಥಿಯರಿ ಪರೀಕ್ಷೆಯ ಅಂಕವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು, ಯಾಕೆಂದರೆ ಆಂತರಿಕ ಅಂಕ ಕಾಲೇಜಿನಿಂದ ಕಾಲೇಜಿಗೆ ಉದಾರತೆಯ ಅಳತೆಯಾಗುತ್ತದೆ. ಯುವರಾಜ ಕಾಲೇಜಿನಂಥ ಸ್ವಾಯತ್ತ ಕಾಲೇಜುಗಳಿಗೆ ಅವರದೇ ಪ್ರಶ್ನೆಪತ್ರಿಕೆ. ಅಲ್ಲಿನ ಅಂಕವನ್ನೂ ಉಳಿದ ಕಾಲೇಜುಗಳ ಅಂಕವನ್ನೂ ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ. ಗ್ರೇಡ್ ಸರಾಸರಿ 9.2 ಇಬ್ಬರಿಗೂ ಬಂದರೆ ಮೂಲ ಅಂಕಕ್ಕೆ ಹೋಗಿ ಎಂದು ಬರೆಯಿರಿ. ಅಲ್ಲೂ ಸಮನಾದರೆ ಇಬ್ಬರಿಗೂ ಪದಕ, ನಗದು ಹಂಚಿಕೆ. ವಯಸ್ಸು ನೋಡಿ ಒಬ್ಬರನ್ನು ಬಿಡುವುದಕ್ಕೆ ಗಣಿತದಲ್ಲಿ ಯಾವ ಆಧಾರವೂ ಇಲ್ಲ.

"ಮೊದಲ ಯತ್ನದಲ್ಲೇ" ಎಂಬ ಷರತ್ತು ರೂಢಿ. ಕಾಯಿಲೆಯಿಂದ ಒಂದು ಪರೀಕ್ಷೆಗೆ ಗೈರುಹಾಜರಾದವರನ್ನೂ ಅದು ಹೊರಗಿಡುತ್ತದೆ. "ಅನುತ್ತೀರ್ಣರಾಗಿರಬಾರದು" ಎಂದರೆ ಸಾಕು ಎನಿಸುತ್ತದೆ. ಬೇರೆ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮಾಡಿ ಇಲ್ಲಿ ಎಂ.ಎಸ್ಸಿ.ಗೆ ಬಂದವರು ಅರ್ಹರೇ ಅನ್ನುವುದನ್ನೂ ಹೇಳಿಬಿಡಿ. ಕೇಂಬ್ರಿಜ್‌ನಲ್ಲಿ ಸ್ಮಿತ್ ಬಹುಮಾನ ಅಲ್ಲೇ ಪದವಿ ಓದಿದವರಿಗೆ ಮಾತ್ರ ಮೀಸಲಾಗಿತ್ತು. ಹೊರಗಿನಿಂದ ಬಂದವರಿಗಾಗಿ 1974ರಲ್ಲಿ ಜೆ. ಟಿ. ನೈಟ್ ಬಹುಮಾನವನ್ನು ಬೇರೆಯಾಗಿಯೇ ಸ್ಥಾಪಿಸಬೇಕಾಯಿತು, 1998ರ ನಂತರವಷ್ಟೇ ಎರಡೂ ಹೆಸರು ಒಂದಾದವು.

ಅಂಕಪಟ್ಟಿಯನ್ನೇ ನೆಚ್ಚದೆ ಸ್ಮಿತ್ ಮಾದರಿಯಲ್ಲಿ ಬೇರೆ ಪರೀಕ್ಷೆ ಇಡುವ ಧೈರ್ಯ ಇರುವ ವಿಭಾಗಗಳಿಗೆ ಅದೇ ಒಳ್ಳೆಯ ದಾರಿ. ಮೂರು ಗಂಟೆ, ಆರು ಪ್ರಶ್ನೆ, ತಲಾ 10 ಅಂಕ. ಯಾರು ಬೇಕಾದರೂ ಬರೆಯಬಹುದು. ಉತ್ತರ ಪತ್ರಿಕೆಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಪ್ರಶ್ನೆ ತೆಗೆಯುವ ಇಬ್ಬರಲ್ಲಿ ಒಬ್ಬರು ಹೊರಗಿನವರು. ಪ್ರಶ್ನೆ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ: "0ಯಿಂದ 1ರವರೆಗಿನ ಮುಚ್ಚಿದ ಅಂತರದಿಂದ ಅದೇ ಅಂತರಕ್ಕೆ ಹೋಗುವ ಪ್ರತಿ ಕಂಟಿನ್ಯುಯಸ್ ಫಂಕ್ಷನ್ನಿಗೂ ಒಂದು ಸ್ಥಿರ ಬಿಂದು (ಫಂಕ್ಷನ್ ಇದ್ದಲ್ಲೇ ಬಿಡುವ ಬಿಂದು) ಇದೆ ಎಂದು ಸಾಧಿಸಿ. ಅಂತರದ ಎರಡು ತುದಿಗಳನ್ನು ತೆಗೆದುಹಾಕಿದರೆ ಸಾಧನೆಯ ಯಾವ ಸಾಲು ಮುರಿಯುತ್ತದೆ? ಉದಾಹರಣೆ ಕೊಡಿ." ಮೊದಲ ಭಾಗ ಎಲ್ಲ ಪುಸ್ತಕದಲ್ಲೂ ಇದೆ: ಫಂಕ್ಷನ್ನಿನ ಬೆಲೆಯಿಂದ ಬಿಂದುವನ್ನೇ ಕಳೆಯಿರಿ, 0ಯಲ್ಲಿ ಅದು ಋಣವಲ್ಲ, 1ರಲ್ಲಿ ಧನವಲ್ಲ, ನಡುವೆಲ್ಲೋ ಸೊನ್ನೆ. ಉರುಹೊಡೆದವರು ಇಲ್ಲಿಗೆ ನಿಲ್ಲುತ್ತಾರೆ. ಎರಡನೇ ಭಾಗಕ್ಕೆ, ಸಂಖ್ಯೆಯನ್ನು ಅರ್ಧ ಮಾಡುವ ಫಂಕ್ಷನ್ ಸಾಕು. ಅದರ ಸ್ಥಿರ ಬಿಂದು 0, ಅದೀಗ ಅಂತರದೊಳಗೆ ಇಲ್ಲ. ಮುರಿದದ್ದು ತುದಿಗಳಲ್ಲಿ ಚಿಹ್ನೆ ನೋಡಿದ ಸಾಲು. ಮೊದಲ ಭಾಗಕ್ಕೆ 4, ಉದಾಹರಣೆಗೆ 2, ಮುರಿದ ಸಾಲನ್ನು ಬೆರಳಿಟ್ಟು ತೋರಿಸಿದ್ದಕ್ಕೆ 4. "ಕರ್ಣರೇಖೆಯನ್ನು ಗ್ರಾಫ್ ದಾಟಲೇಬೇಕು" ಎಂದು ಚಿತ್ರ ಬರೆದು ಬಿಟ್ಟವರಿಗೆ ಮೊದಲ ಭಾಗದಲ್ಲಿ 1. ಈ ಅಂಕ ಹಂಚಿಕೆಯೇ ಮೇಷ್ಟ್ರ ಪಾಠದ ರೀತಿಯನ್ನು ಮುಂದಕ್ಕೆ ಒಯ್ಯುತ್ತದೆ. "ಯೋಗ್ಯ ಉತ್ತರ ಬಾರದ ವರ್ಷ ಬಹುಮಾನ ಇಲ್ಲ, ಮೊತ್ತ ಅಸಲಿಗೆ" ಎಂಬ ಸಾಲೂ ಇರಲಿ.

ಕಡತದ ಹಾದಿ ಹೀಗೆ: ಮೇಷ್ಟ್ರದೋ ಅವರ ಮನೆಯವರದೋ ಒಪ್ಪಿಗೆ ಪತ್ರ, ಕರಡು ನಿಬಂಧನೆ, ವಿಭಾಗದ ಸಭೆಯ ನಿರ್ಣಯ, ಇವು ಮೂರನ್ನೂ ಸೇರಿಸಿ ಕುಲಸಚಿವರಿಗೆ ಅರ್ಜಿ. ಕನಿಷ್ಠ ಮೊತ್ತದ ನಿಯಮ ವಿಶ್ವವಿದ್ಯಾಲಯಕ್ಕೊಂದು ಥರ, ಕಾಲಕಾಲಕ್ಕೆ ಏರುತ್ತದೆ, ಚಾಲ್ತಿ ಸುತ್ತೋಲೆಯ ಪ್ರತಿ ತೆಗೆದುಕೊಳ್ಳಿ. ಆಮೇಲೆ ಸಿಂಡಿಕೇಟ್. ಒಪ್ಪಿಗೆ ಬಂದ ಮೇಲೆ ಹಣ ಕಟ್ಟಿ, ಮುಂಚೆ ಬೇಡ. ಹೆಸರಿನ ಅಕ್ಷರ, ಇನಿಷಿಯಲ್ ಹೇಗಿರಬೇಕೆಂದು ಮೇಷ್ಟ್ರನ್ನೇ ಕೇಳಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಸಿ.

ಪ್ರತಿ ವರ್ಷದ ಪಟ್ಟಿ ಕುಲಸಚಿವರ (ಮೌಲ್ಯಮಾಪನ) ಕಚೇರಿಯಲ್ಲಿ ತಯಾರಾಗುತ್ತದೆ. ಅಲ್ಲಿ ಆಗುವ ಎಡವಟ್ಟು ಹೆಚ್ಚಾಗಿ ಮರುಮೌಲ್ಯಮಾಪನದ್ದು: ಪಟ್ಟಿ ಹೊರಬಿದ್ದ ಮೇಲೆ ಇನ್ನೊಬ್ಬರಿಗೆ ನಾಲ್ಕು ಅಂಕ ಏರುತ್ತದೆ. "ಮರುಮೌಲ್ಯಮಾಪನ ಫಲಿತಾಂಶದ ನಂತರ ತಾತ್ಕಾಲಿಕ ಪಟ್ಟಿ, ಏಳು ದಿನ ಆಕ್ಷೇಪಣೆ, ಆಮೇಲೆ ಅಂತಿಮ ಪಟ್ಟಿ" ಎಂಬ ಕ್ರಮ ನಿಬಂಧನೆಯಲ್ಲೇ ಇದ್ದರೆ ಘಟಿಕೋತ್ಸವದ ಅವಸರದಲ್ಲಿ ಅನ್ಯಾಯವಾಗುವುದಿಲ್ಲ. ನಗದನ್ನು ಚೆಕ್ಕಿನಲ್ಲಿ ಕೊಟ್ಟರೆ ಅದರ ಆಯಸ್ಸು ಮೂರೇ ತಿಂಗಳು. ಅಷ್ಟರಲ್ಲಿ ವಿದ್ಯಾರ್ಥಿ ಬೇರೆ ಊರಲ್ಲಿ ಕೆಲಸಕ್ಕೆ ಸೇರಿರುತ್ತಾರೆ, ಬ್ಯಾಂಕಿನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸ ಇರುತ್ತದೆ. ನೇರ ಖಾತೆಗೆ ಹಾಕುವುದೇ ಒಳ್ಳೆಯದು.

ಕೊನೆಯದಾಗಿ, ದತ್ತಿ ಪತ್ರದ ಜೊತೆ ಅನುಬಂಧವಾಗಿ 150 ಪದದ ಒಂದು ಟಿಪ್ಪಣಿ ಲಗತ್ತಿಸಿ, ಪದಕ ಪ್ರದಾನಕ್ಕೆ ಮುಂಚೆ ಅದನ್ನು ಓದತಕ್ಕದ್ದು ಎಂದು ಬರೆಸಿ. ಪದಕ ಕೊರಳಿಗೆ ಬಿದ್ದವರಲ್ಲಿ ಬಹಳ ಮಂದಿಗೆ ಆ ಹೆಸರಿನವರು ಯಾರೆಂದೇ ಗೊತ್ತಿರುವುದಿಲ್ಲ. "ಶ್ರೇಷ್ಠ ಶಿಕ್ಷಣ ತಜ್ಞರು, ಸರಳ ಸಜ್ಜನರು" ಎಂದು ಬರೆದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ಯಾವ ಇಸವಿಯಿಂದ ಯಾವ ಇಸವಿಗೆ ಎಲ್ಲೆಲ್ಲಿ ಪಾಠ ಮಾಡಿದರು, ಯಾವ ಪತ್ರಿಕೆ, ಲಿಮಿಟ್ಟಿನ ಎಪ್ಸಿಲಾನ್–ಡೆಲ್ಟಾ ವ್ಯಾಖ್ಯೆಯನ್ನು ಯಾವ ಉದಾಹರಣೆಯಿಂದ ಶುರುಮಾಡುತ್ತಿದ್ದರು, ತಪ್ಪು ಉತ್ತರ ಬಂದಾಗ ಬೋರ್ಡು ಒರೆಸುತ್ತಿದ್ದರೋ ಅಥವಾ ಆ ತಪ್ಪಿನಿಂದಲೇ ಮುಂದುವರಿಯುತ್ತಿದ್ದರೋ, ಇದನ್ನು ಬರೆಯಿರಿ. ಆ ತರಗತಿಯಲ್ಲಿ ಕೂತಿದ್ದ ಮೂವರಿಂದ ಬೇರೆಬೇರೆಯಾಗಿ ಬರೆಸಿ, ಮೂರರಲ್ಲೂ ಬಂದದ್ದನ್ನು ಉಳಿಸಿಕೊಳ್ಳಿ.